ಮಂಗಳೂರು ವಿಮಾನ ಟಿಕೆಟ್: ಎಷ್ಟು ತೆರಿಗೆ, ಎಷ್ಟು ಶುಲ್ಕ, ರದ್ದು ಮಾಡಿದರೆ ವಾಪಸ್ ಬರುವುದೇನು?

ಕಲ್ಯಾಣಪುರ_ಹೊಳೆಬದಿ (ಪ್ರಶ್ನೆ)

ಮಂಗಳೂರಿನಿಂದ ಮುಂಬೈ, ಅಲ್ಲಿಂದ ಲಂಡನ್. ಒಂದು ತಿಂಗಳು ಬಿಟ್ಟು ಅದೇ ದಾರಿಯಲ್ಲಿ ವಾಪಸ್. ದೊಡ್ಡವರು ಇಬ್ಬರು, 13 ವರ್ಷದ ಹುಡುಗಿ, ಎರಡು ತುಂಬಲು ಸ್ವಲ್ಪವೇ ದಿನ ಬಾಕಿ ಇರುವ ಮಗು. ಎಲ್ಲ ಇಕಾನಮಿ.

ಮುಂಬೈವರೆಗೆ ಒಂದು, ಮುಂಬೈಯಿಂದ ಇನ್ನೊಂದು ಅಂತ ಬೇರೆ ಬೇರೆ ಟಿಕೆಟ್ ಮಾಡಿದರೆ ಮೂಲ ದರ ಸ್ವಲ್ಪ ಕಡಿಮೆ ಕಾಣುತ್ತದೆ. ತೆರಿಗೆ, ಶುಲ್ಕದಲ್ಲಿ ಇದರಿಂದ ವ್ಯತ್ಯಾಸ ಉಂಟಾ? ಎರಡನೆಯದು, 'ನಾನ್ ರಿಫಂಡೆಬಲ್' ದರ ತೆಗೆದುಕೊಂಡು ರದ್ದು ಮಾಡಿದರೆ ಒಂದು ಪೈಸೆಯೂ ಬರುವುದಿಲ್ಲ ಅಂತ ಏಜೆಂಟರು ಹೇಳುತ್ತಾರೆ, ಇದು ಸರಿಯಾ? ಇನ್ನೊಂದು: ಮುಂಬೈಗೆ ಹೋಗುವಾಗಿನ ಶುಲ್ಕವೂ ಬರುವಾಗಿನ ಶುಲ್ಕವೂ ಒಂದೇ ಇಲ್ಲ, ದೂರ ಒಂದೇ ಅಲ್ವಾ? ಲೆಕ್ಕ ಗೊತ್ತಿರುವವರು ಅಂಕಿ ಸಮೇತ ಹೇಳಿ.

ಬಿಲ್ಲು_ಬಾಬ್ತು

ಟಿಕೆಟ್‌ನ ಕೆಳಗೆ 'ಫೀಸ್ ಮತ್ತು ಟ್ಯಾಕ್ಸ್' ಅಂತ ಒಟ್ಟು ಒಂದೇ ಮೊತ್ತ ತೋರಿಸಿರುತ್ತಾರೆ. ಮೊದಲು ಅದನ್ನು ಬಿಚ್ಚಿ ನೋಡಿ. ವೆಬ್‌ಸೈಟಿನಲ್ಲಿ ಮೊತ್ತದ ಪಕ್ಕದ ಬಾಣ ಒತ್ತಿದರೆ ವಿವರ ಬರುತ್ತದೆ. ಏಜೆಂಟರು ಕೊಡುವ ಟಿಕೆಟ್‌ನಲ್ಲಿ ಎರಡಕ್ಷರದ ಕೋಡ್‌ಗಳಿರುತ್ತವೆ. ಹಣ ಕೊನೆಗೆ ಯಾರ ಕೈ ಸೇರುತ್ತದೆ ಅಂತ ನೋಡಿದರೆ ಗೊಂದಲ ಅರ್ಧ ಕಳೆಯುತ್ತದೆ.

'ಕೆ3' ಅಂದರೆ ಜಿಎಸ್‌ಟಿ. ಇಕಾನಮಿಗೆ 5%. ಇಕಾನಮಿ ಅಲ್ಲದ ಎಲ್ಲದಕ್ಕೂ, ಅಂದರೆ ಪ್ರೀಮಿಯಂ ಇಕಾನಮಿಗೂ, 2025ರ ಸೆಪ್ಟೆಂಬರ್ 22ರಿಂದ 18%; ಅದಕ್ಕೆ ಮೊದಲು 12% ಇತ್ತು. 'ಫ್ಲೆಕ್ಸಿ', 'ಪ್ಲಸ್' ಅಂತ ದರದ ಹೆಸರು ಏನೇ ಇರಲಿ, ಕೂರುವ ದರ್ಜೆ ಇಕಾನಮಿ ಆಗಿದ್ದರೆ 5% ಮಾತ್ರ. ಇದು ಮೂಲ ದರಕ್ಕೂ, 'ವೈಕ್ಯೂ' ಅಥವಾ 'ವೈಆರ್' ಅಂತ ಬರುವ ಇಂಧನ ಮತ್ತಿತರ ಸರ್‌ಚಾರ್ಜಿಗೂ ಸೇರಿ ಬೀಳುತ್ತದೆ. ವೈಕ್ಯೂ ತೆರಿಗೆಗಳ ಸಾಲಿನಲ್ಲಿ ಕೂತಿರುತ್ತದೆ, ಆದರೆ ತೆರಿಗೆ ಅಲ್ಲ. ಪೂರ್ತಿ ವಿಮಾನ ಕಂಪನಿಯ ಆದಾಯ. ಜನ ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ.

'ಪಿ2' ಅಂದರೆ ವಿಮಾನಯಾನ ಭದ್ರತಾ ಶುಲ್ಕ. 2021ರ ಏಪ್ರಿಲ್‌ನಿಂದ ದೇಶದೊಳಗೆ 200 ರೂ., ವಿದೇಶಕ್ಕೆ 12 ಡಾಲರ್. 2019ರ ಜುಲೈಯಲ್ಲಿ ಈ ಶುಲ್ಕ ಶುರುವಾದಾಗ ದೇಶದೊಳಗೆ 150 ರೂ. ಇತ್ತು. ಈಗಿನ 200ರ ಮೇಲೆ 18% ಜಿಎಸ್‌ಟಿ ಸೇರಿ ಟಿಕೆಟ್‌ನಲ್ಲಿ 236 ರೂ. ಅಂತ ಕಾಣುತ್ತದೆ. ಈ ಹಣ ವಿಮಾನ ನಿಲ್ದಾಣದವರಿಗಲ್ಲ, ಭದ್ರತಾ ವೆಚ್ಚದ ಟ್ರಸ್ಟಿಗೆ ಹೋಗುತ್ತದೆ.

'ಐಎನ್' ಅಂದರೆ ಬಳಕೆದಾರರ ಅಭಿವೃದ್ಧಿ ಶುಲ್ಕ, ಎಲ್ಲರ ಬಾಯಲ್ಲಿ ಯುಡಿಎಫ್. ಇದು ವಿಮಾನ ನಿಲ್ದಾಣ ನಡೆಸುವವರಿಗೆ. ಇದಕ್ಕೂ 18% ಜಿಎಸ್‌ಟಿ, ಮತ್ತು ಆ ಜಿಎಸ್‌ಟಿ ಪ್ರತ್ಯೇಕ ಸಾಲಿನಲ್ಲಿ ಕಾಣದೆ ಯುಡಿಎಫ್ ಮೊತ್ತದಲ್ಲೇ ಸೇರಿಕೊಂಡಿರಬಹುದು. ದೇಶದೊಳಗಿನ ಟಿಕೆಟ್‌ನಲ್ಲಿ 50 ರೂ. ಆಸುಪಾಸು ಪ್ರಾದೇಶಿಕ ಸಂಪರ್ಕ ಶುಲ್ಕವೂ ಇರುತ್ತದೆ, ಸಣ್ಣ ಊರುಗಳಿಗೆ ವಿಮಾನ ಓಡಿಸುವ ಉಡಾನ್ ಯೋಜನೆಯ ಬಾಬ್ತು.

ಹೋಗುವ, ಬರುವ ಶುಲ್ಕ ಬೇರೆಯಾಗಲು ಕಾರಣವೂ ಯುಡಿಎಫ್ಫೇ. ಅದಕ್ಕೆ ದೂರ ಲೆಕ್ಕಕ್ಕಿಲ್ಲ, ಯಾವ ನಿಲ್ದಾಣ ಅನ್ನುವುದು ಮಾತ್ರ. ಮುಂಬೈಯಲ್ಲಿ 2025ರ ಮೇ 16ರಿಂದ ದೇಶದೊಳಗಿನ ಪ್ರಯಾಣಕ್ಕೆ ಹೊರಡುವವರಿಗೆ 175, ಬಂದಿಳಿಯುವವರಿಗೂ 75 ರೂ. ಅಂತ ನಿಗದಿಯಾಯಿತು, ಜಿಎಸ್‌ಟಿ ಬೇರೆ. ಹಾಗಾಗಿ ಮಂಗಳೂರು–ಮುಂಬೈ ಟಿಕೆಟ್‌ನಲ್ಲಿ ಎರಡೂ ಊರಿನ ಬಾಬ್ತು ಇರುತ್ತದೆ. ದರ ಬದಲಾಗುವ ಹೊತ್ತಿನಲ್ಲಿ ಸಾಮಾನ್ಯವಾಗಿ ಟಿಕೆಟ್ ಕೊಟ್ಟ ದಿನಾಂಕವನ್ನೇ ಹಿಡಿಯುತ್ತಾರೆ, ಪ್ರಯಾಣದ ದಿನವನ್ನಲ್ಲ.

ಕಣ್ಣಿಗೆ ಕಾಣದ ತೆರಿಗೆ ಇನ್ನೊಂದುಂಟು. ವಿಮಾನದ ಇಂಧನ ಜಿಎಸ್‌ಟಿಯ ಹೊರಗಿದೆ. ಕೇಂದ್ರದ ಅಬಕಾರಿ ಸುಂಕ 11%, ಅದರ ಮೇಲೆ ರಾಜ್ಯದ ವ್ಯಾಟ್. ಕಂಪನಿಗೆ ಇದು ಯಾವ ಕ್ರೆಡಿಟ್ಟಿಗೂ ಬರುವುದಿಲ್ಲ, ಅಂದರೆ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಇದನ್ನು ಕಳೆದುಕೊಳ್ಳುವಂತಿಲ್ಲ, ಆದ್ದರಿಂದ ನೇರ ಮೂಲ ದರದೊಳಗೆ ಕೂರುತ್ತದೆ, ಆ ದರದ ಮೇಲೆ ಮತ್ತೆ 5%. ತೆರಿಗೆಯ ಮೇಲೆ ತೆರಿಗೆ ಅಂದರೆ ಇದೇ. ಇಂಧನವನ್ನು ಜಿಎಸ್‌ಟಿಗೆ ತರುವುದೊಂದೇ ಇದಕ್ಕೆ ಸರಿಯಾದ ಮದ್ದು. ರಾಜ್ಯಗಳಿಗೆ ವ್ಯಾಟ್ ಆದಾಯ ಬಿಡಲು ಮನಸ್ಸಿಲ್ಲ.

ಪಡುಬಿದ್ರಿ_ಟಿಕೆಟಿಂಗ್

ಏಜೆಂಟರು ಹೇಳಿದ್ದು ತಪ್ಪು. 'ನಾನ್ ರಿಫಂಡೆಬಲ್' ಅನ್ನುವ ಮಾತು ಮೂಲ ದರಕ್ಕೆ ಮಾತ್ರ. ವಿಮಾನಯಾನ ನಿಯಂತ್ರಕ ಡಿಜಿಸಿಎಯ ರಿಫಂಡ್ ನಿಯಮ (ಸೆಕ್ಷನ್ 3, ಸರಣಿ ಎಂ, ಭಾಗ 2) ಸ್ಪಷ್ಟವಾಗಿದೆ: ರದ್ದು ಮಾಡಿದರೂ, ವಿಮಾನ ಹತ್ತದೇ ಉಳಿದರೂ, ಆಫರ್ ದರವಾದರೂ ಶಾಸನಬದ್ಧ ತೆರಿಗೆ ಮತ್ತು ಯುಡಿಎಫ್‌ನಂಥ ಶುಲ್ಕ ವಾಪಸ್ ಕೊಡಲೇಬೇಕು. ರದ್ದತಿ ಶುಲ್ಕ ಎಷ್ಟೇ ಬರೆದಿರಲಿ, ಮೂಲ ದರ ಮತ್ತು ಇಂಧನ ಸರ್‌ಚಾರ್ಜ್ ಸೇರಿದ ಮೊತ್ತ ಮೀರುವಂತಿಲ್ಲ. ರಿಫಂಡ್ ಕೊಡುವುದಕ್ಕೇ ಒಂದು ಶುಲ್ಕ ಅಂತ ಹಾಕುವಂತೆಯೂ ಇಲ್ಲ.

ಲೆಕ್ಕ ತಿಳಿಯಲು ಉದಾಹರಣೆ ಅಂಕಿ ಇಟ್ಟುಕೊಳ್ಳಿ. ಯುಡಿಎಫ್ ಜಾಗದಲ್ಲಿ ನಿಮ್ಮ ಟಿಕೆಟ್‌ನಲ್ಲಿ ಇರುವುದನ್ನು ಹಾಕಿ. ಮೂಲ ದರ ಮತ್ತು ಸರ್‌ಚಾರ್ಜ್ 3000, ಜಿಎಸ್‌ಟಿ 150, ಯುಡಿಎಫ್ 500 ಮತ್ತು ಅದರ ಜಿಎಸ್‌ಟಿ ಸೇರಿ 590, ಭದ್ರತಾ ಶುಲ್ಕ 236. ಒಟ್ಟು 3976 ರೂ. ಕಂಪನಿಯ ರದ್ದತಿ ಶುಲ್ಕ 3500 ಅಂತಿದ್ದರೆ ಅವರು ಇಟ್ಟುಕೊಳ್ಳಬಹುದಾದ್ದು 3000. ನಿಮಗೆ 590 ಮತ್ತು 236 ಸೇರಿ 826 ರೂ. ಬರಬೇಕು.

ಆ 150 ಯಾಕೆ ಬರಲಿಲ್ಲ ಅಂತ ತುಂಬ ಮಂದಿ ಜಗಳಕ್ಕೆ ನಿಲ್ಲುತ್ತಾರೆ. ಅಲ್ಲಿ ಕಂಪನಿಯ ತಪ್ಪಿಲ್ಲ. 2022ರ ಆಗಸ್ಟ್ 3ರ ಜಿಎಸ್‌ಟಿ ಸುತ್ತೋಲೆ 178ರ ಪ್ರಕಾರ, ಮುಟ್ಟುಗೋಲಾದ ಟಿಕೆಟ್ ಹಣಕ್ಕೂ ರದ್ದತಿ ಶುಲ್ಕಕ್ಕೂ ಪ್ರಯಾಣದ ದರದಲ್ಲೇ ತೆರಿಗೆ. ಕಂಪನಿ 3000 ಇಟ್ಟುಕೊಂಡರೆ ಅದರ 5% ಸರ್ಕಾರಕ್ಕೇ ಹೋಗುತ್ತದೆ. 2000 ಮಾತ್ರ ಇಟ್ಟುಕೊಂಡರೆ ಉಳಿದ 1000, ಅದರ ಜಿಎಸ್‌ಟಿ 50, ಮೇಲೆ 826, ಒಟ್ಟು 1876 ರೂ. ನಿಮ್ಮದು. ಜಗಳ ಮಾಡುವುದಿದ್ದರೆ ಯುಡಿಎಫ್, ಭದ್ರತಾ ಶುಲ್ಕದ ಸಾಲು ಹಿಡಿದು ಮಾಡಿ. ಬುಕಿಂಗ್ ಸೈಟಿನ 'ಕನ್ವೀನಿಯನ್ಸ್ ಫೀ' ತೆರಿಗೆ ಅಲ್ಲ, ಅದರ ಆಸೆ ಬಿಡಿ.

ಹಣ ಕಳೆದುಹೋಗುವುದು ಹೆಚ್ಚಾಗಿ ವಿಮಾನ ಹತ್ತದೇ ಉಳಿದಾಗ. ರದ್ದು ಮಾಡಿದರೆ ರಿಫಂಡ್ ತಾನಾಗಿ ಶುರುವಾಗುತ್ತದೆ. ಹತ್ತದೇ ಬಿಟ್ಟರೆ ಅನೇಕ ಕಡೆ ನಾವೇ ಅರ್ಜಿ ಹಾಕಬೇಕು. ಕಂಪನಿಯ ಸೈಟಿನಲ್ಲಿ 'ನೋ ಶೋ ಟ್ಯಾಕ್ಸ್ ರಿಫಂಡ್' ಅನ್ನುವ ಫಾರ್ಮ್ ಹುಡುಕಿ, ಪಿಎನ್‌ಆರ್ ಮತ್ತು ಕೊನೆಯ ಹೆಸರು ಹಾಕಿ. ಹೋಗುವುದಿಲ್ಲ ಅಂತ ಖಚಿತವಾದರೆ ಹೊರಡುವ ಮೊದಲೇ ರದ್ದು ಒತ್ತಿಬಿಡುವುದು ಲೇಸು. ಏಜೆಂಟರ ಮೂಲಕ ಮಾಡಿಸಿದ್ದರೆ ಹಣ ಅವರ ವ್ಯಾಲೆಟ್ಟಿಗೆ ಬಂದು ಅಲ್ಲೇ ಕೂರುತ್ತದೆ. ಆಗ ಕಂಪನಿಯವರು 'ಏಜೆಂಟರನ್ನು ಕೇಳಿ' ಅಂತ ಕೈತೊಳೆದುಕೊಳ್ಳುವ ಹಾಗಿಲ್ಲ, ಏಜೆಂಟರು ಅವರ ಪ್ರತಿನಿಧಿ ಅಂತ ಅದೇ ನಿಯಮದಲ್ಲಿ ಉಂಟು. ಕ್ರೆಡಿಟ್ ಶೆಲ್ (ಮುಂದಿನ ಟಿಕೆಟ್‌ಗೆ ಬಳಸಲು ಕಂಪನಿಯಲ್ಲೇ ಜಮಾ ಇಡುವ ಹಣ) ಬೇಕೋ ನಗದು ಬೇಕೋ ಅನ್ನುವುದೂ ಪ್ರಯಾಣಿಕರ ಆಯ್ಕೆ. ವಿದೇಶಿ ಕಂಪನಿಯಾದರೆ ರಿಫಂಡಿಗೆ ಅವರ ದೇಶದ ನಿಯಮ ನಡೆಯುತ್ತದೆ, ಬುಕ್ ಮಾಡುವ ಮೊದಲು ಅದನ್ನು ಓದಿ.

ಕೊಡದಿದ್ದರೆ ಮೊದಲು ಕಂಪನಿಯ ನೋಡಲ್ ಅಧಿಕಾರಿಗೆ ಇಮೇಲ್, ಆಮೇಲೆ ಸರ್ಕಾರದ ಏರ್‌ಸೇವಾ ದೂರು ಪೋರ್ಟಲ್, ನಂತರ 1915 ಗ್ರಾಹಕ ಸಹಾಯವಾಣಿ. ಅಲ್ಲಿಗೂ ಮುಗಿಯದಿದ್ದರೆ ಉಡುಪಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ಅವಧಿ 2 ವರ್ಷ. 826 ರೂಪಾಯಿಗೆ ಯಾಕೆ ಇಷ್ಟೆಲ್ಲ ಅಂತ ಬಿಡಬೇಡಿ. ಹಾಗೆ ಬಿಟ್ಟವರ ಹಣ ಒಟ್ಟಾದರೆ ಸಣ್ಣದಲ್ಲ.

ಕಲ್ಯಾಣಪುರ_ಹೊಳೆಬದಿ

ರಿಫಂಡಿನ ವಿಷಯ ಸ್ಪಷ್ಟವಾಯಿತು, ಉಪಕಾರ. ಒಂದೇ ಟಿಕೆಟ್ಟೋ ಎರಡೋ, ಮಕ್ಕಳಿಗೆ ಹೇಗೆ ಅನ್ನುವುದು ಉಳಿದಿದೆ.

ಅಂತರ್ದೇಶೀಯ_ಕೌಂಟರ್

ಒಂದೇ ಟಿಕೆಟ್ ಮಾಡಿ. ಮೂಲ ದರದಲ್ಲಿ ಉಳಿಸಿದ್ದು ಶುಲ್ಕದಲ್ಲಿ ಕರಗುತ್ತದೆ.

ಮಧ್ಯದ ನಿಲ್ದಾಣದಲ್ಲಿ ಯುಡಿಎಫ್ ವಿನಾಯಿತಿ ಸಿಗಲು ಎರಡು ಷರತ್ತು: ಮುಂದಿನ ವಿಮಾನ 24 ಗಂಟೆಯೊಳಗೆ ಇರಬೇಕು, ಎರಡೂ ಪ್ರಯಾಣ ಒಂದೇ ಟಿಕೆಟ್‌ನಲ್ಲಿ ಇರಬೇಕು. ಎರಡು ಟಿಕೆಟ್ ಆದರೆ, ಎರಡು ಗಂಟೆಯಲ್ಲೇ ಹೊರಟರೂ ನೀವು ಮುಂಬೈಯಲ್ಲಿ ಇಳಿದ ಪ್ರಯಾಣಿಕರು, ಮತ್ತೆ ಅಲ್ಲಿಂದ ಹೊರಟ ಪ್ರಯಾಣಿಕರು. ಇಳಿದದ್ದಕ್ಕೆ 75, ವಿದೇಶಕ್ಕೆ ಇಕಾನಮಿಯಲ್ಲಿ ಹೊರಟದ್ದಕ್ಕೆ 615, ಎರಡರ ಮೇಲೂ 18% ಸೇರಿ 814 ರೂ. ಚಿಲ್ಲರೆ. ಅಲ್ಲಿಗೆ ಮುಗಿಯಲಿಲ್ಲ, ಭದ್ರತಾ ಶುಲ್ಕ 12 ಡಾಲರ್ ಮತ್ತು ಅದರ ಜಿಎಸ್‌ಟಿ ಬೇರೆ. ಮೂವರಿಗೆ ಗುಣಿಸಿ ನೋಡಿ. ಬರುವಾಗಲೂ ಇದೇ ಕಥೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಬೇರೆ ಟಿಕೆಟ್ ಇದ್ದವರಿಗೆ ಹೊಣೆಗಾರರು ಯಾರೂ ಇಲ್ಲ.

ಸಣ್ಣ ಮಗು: 2 ವರ್ಷದೊಳಗೆ ಯುಡಿಎಫ್ ಇಲ್ಲ, ಭದ್ರತಾ ಶುಲ್ಕವೂ ಇಲ್ಲ. ಆದರೆ ವಾಪಸ್ ಬರುವ ದಿನಕ್ಕೆ ಎರಡು ತುಂಬಿದ್ದರೆ ಆ ಪ್ರಯಾಣಕ್ಕೆ ಸೀಟು, ಮಕ್ಕಳ ದರ, ಶುಲ್ಕ ಎಲ್ಲ ಬೇಕು. ಹೋಗುವಾಗ 'ಇನ್ಫೆಂಟ್' ಅಂತ ಮಾಡಿಸಿ ಬರುವಾಗ ಕೌಂಟರಿನಲ್ಲಿ ಸಿಕ್ಕಿಬಿದ್ದರೆ ಆ ದಿನದ ದರ ತೆರಬೇಕಾಗುತ್ತದೆ. ಹುಟ್ಟಿದ ದಿನಾಂಕ ಸರಿಯಾಗಿ ಹಾಕಿ, ಎರಡು ಪ್ರಯಾಣಕ್ಕೂ ಈಗಲೇ ತಕ್ಕ ಟಿಕೆಟ್ ಕೇಳಿ.

13 ವರ್ಷದ ಹುಡುಗಿಯ ವಿಷಯದಲ್ಲಿ ದೊಡ್ಡ ಮೊತ್ತ ಉಂಟು, ಗಮನ ಕೊಡಿ. ಬ್ರಿಟನ್‌ನಿಂದ ಹೊರಡುವ ಪ್ರತಿ ಪ್ರಯಾಣಿಕರ ಮೇಲೆ ಅಲ್ಲಿನ ಸರ್ಕಾರ ಏರ್ ಪ್ಯಾಸೆಂಜರ್ ಡ್ಯೂಟಿ ಹಾಕುತ್ತದೆ, ಟಿಕೆಟ್‌ನಲ್ಲಿ 'ಜಿಬಿ' ಕೋಡ್. ದೂರದ ಪ್ರಕಾರ ಅವರು ಮಾಡಿದ ಪಟ್ಟಿಗಳಲ್ಲಿ ಭಾರತ 'ಬಿ'ಯಲ್ಲಿದೆ. ಇಕಾನಮಿಗೆ 2025ರ ಏಪ್ರಿಲ್‌ನಿಂದ 90 ಪೌಂಡ್, 2026ರ ಏಪ್ರಿಲ್ 1ರಿಂದ 102 ಪೌಂಡ್. ಇಲ್ಲಿ ಟಿಕೆಟ್ ದಿನಾಂಕ ನಡೆಯುವುದಿಲ್ಲ, ಹಾರುವ ದಿನದ ದರ. 16 ವರ್ಷದೊಳಗಿನವರಿಗೆ ಇಕಾನಮಿಯಲ್ಲಿ ಇದು ಪೂರ್ತಿ ಮಾಫಿ. ಎಡವಟ್ಟು ಆಗುವುದು ಎಲ್ಲಿ ಅಂದರೆ, ಕಂಪನಿಗಳಿಗೆ 12 ದಾಟಿದವರೆಲ್ಲ 'ಅಡಲ್ಟ್'. ಬುಕ್ ಮಾಡುವಾಗ ಹುಟ್ಟಿದ ದಿನಾಂಕ ಕೇಳದ ಸೈಟಿನಲ್ಲಿ ಆಕೆಯ ಟಿಕೆಟ್‌ಗೂ ಜಿಬಿ ಸೇರಿಬಿಡುತ್ತದೆ. ಟಿಕೆಟ್ ಬಂದ ಕೂಡಲೇ ಅವಳ ಹೆಸರಿನ ಸಾಲಿನಲ್ಲಿ ಜಿಬಿ ಇದೆಯಾ ನೋಡಿ, ಇದ್ದರೆ ಪಾಸ್‌ಪೋರ್ಟ್ ಪ್ರತಿ ಹಚ್ಚಿ ಕಂಪನಿಗೆ ಬರೆಯಿರಿ. ಹೋಗುವಾಗ ಇಂಥ ತೆರಿಗೆ ಇಲ್ಲ, ಲಂಡನ್ ಬಿಡುವಾಗ ಮಾತ್ರ. ಪ್ರೀಮಿಯಂ ಇಕಾನಮಿಗೆ ಬದಲಾಯಿಸಿದರೆ ಈ ಮಾಫಿಯೂ ಹೋಗುತ್ತದೆ, ತೆರಿಗೆಯೂ ಎರಡು ಪಟ್ಟು ಮೀರುತ್ತದೆ.

ಕೆಂಜಾರು_ಗುಡ್ಡೆ

ಮಂಗಳೂರಿನ ಯುಡಿಎಫ್ ಬಗ್ಗೆ ಎರಡು ಮಾತು. ಅದನ್ನು ನಿಲ್ದಾಣದವರು ಮನಸ್ಸಿಗೆ ಬಂದಂತೆ ಹಾಕುವುದಲ್ಲ. ಎಇಆರ್‌ಎ ಅನ್ನುವ ನಿಯಂತ್ರಣ ಪ್ರಾಧಿಕಾರ ಐದು ವರ್ಷದ ಅವಧಿಗೆ ನಿಗದಿ ಮಾಡುತ್ತದೆ. ಹೂಡಿದ ಬಂಡವಾಳಕ್ಕೆ ನ್ಯಾಯಯುತ ಲಾಭ, ಸವಕಳಿ, ನಡೆಸುವ ಖರ್ಚು, ತೆರಿಗೆ ಎಲ್ಲ ಕೂಡಿಸಿ, ಅಂಗಡಿ, ಪಾರ್ಕಿಂಗ್, ಜಾಹೀರಾತಿನಂಥ ಆದಾಯದ 30% ಕಳೆದು, ಉಳಿದದ್ದನ್ನು ವಿಮಾನ ಇಳಿಯುವ ಶುಲ್ಕಕ್ಕೂ ಪ್ರಯಾಣಿಕರಿಗೂ ಹಂಚುತ್ತಾರೆ. ಬೆಂಗಳೂರಿನಲ್ಲಿ ಆ ಹೊರೆ ಕೋಟಿಗಟ್ಟಲೆ ತಲೆಗಳಿಗೆ ಹಂಚಿಹೋಗುತ್ತದೆ. ಇಲ್ಲಿ ತಲೆಗಳು ಕಡಿಮೆ, ಆದರೆ ಗುಡ್ಡದ ಮೇಲಿನ 2450 ಮೀಟರ್ ರನ್‌ವೇಯ ಖರ್ಚು ತಲೆ ಎಣಿಸಿ ಕಡಿಮೆಯಾಗುವಂಥದ್ದಲ್ಲ.

2020ರ ಅಕ್ಟೋಬರ್ 31ರಂದು ನಿಲ್ದಾಣ 50 ವರ್ಷಕ್ಕೆ ಅದಾನಿ ಸಮೂಹದ ಕೈಗೆ ಹೋದಾಗ, ಅವರು ಸರ್ಕಾರದ ಪ್ರಾಧಿಕಾರಕ್ಕೆ ದೇಶದೊಳಗಿನ ಪ್ರತಿ ಪ್ರಯಾಣಿಕರಿಗೆ 115 ರೂ. ಕೊಡುವುದಾಗಿ ಬಿಡ್ ಮಾಡಿದ್ದರು. ಆ ಹಣವನ್ನು ಯುಡಿಎಫ್ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ. ಯುಡಿಎಫ್ ಏರಲು ಅದೇ ಕಾರಣ ಅಂತ ಇಲ್ಲಿ ತುಂಬ ಮಂದಿ ಹೇಳುತ್ತಾರೆ, ಹಾಗಲ್ಲ. ಕಾರಣ ಇರುವುದು ಬಂಡವಾಳ ವೆಚ್ಚದಲ್ಲಿ.

ಇಂಥ ನಿಗದಿ ಶುಲ್ಕ ಅತಿ ಹೆಚ್ಚು ಕಚ್ಚುವುದು ಬೆಂಗಳೂರು, ಮುಂಬೈಯಂಥ ಹತ್ತಿರದ ಪ್ರಯಾಣಕ್ಕೆ. ಮೇಲಿನ ಉದಾಹರಣೆಯಲ್ಲಿ ಯುಡಿಎಫ್, ಭದ್ರತಾ ಶುಲ್ಕ ಸೇರಿ ಬಂದದ್ದು 826; 3000ದ ಟಿಕೆಟ್‌ಗೂ 12000ದ ಟಿಕೆಟ್‌ಗೂ ಅದೇ. ಮುಂಗಡ ಬುಕ್ ಮಾಡಿ ಕಡಿಮೆ ದರ ಹಿಡಿದ ಮನೆಯವರ ಮೇಲೆ ಶೇಕಡಾ ಲೆಕ್ಕದಲ್ಲಿ ಅತಿ ಭಾರ ಬೀಳುವುದು ನನಗೆ ಅನ್ಯಾಯವೆಂದೇ ಕಾಣುತ್ತದೆ. ದರ ಪರಿಷ್ಕರಣೆಗೆ ಮೊದಲು ಎಇಆರ್‌ಎ ಸಮಾಲೋಚನಾ ಪತ್ರ ಪ್ರಕಟಿಸಿ ಲಿಖಿತ ಅಭಿಪ್ರಾಯ ಕೇಳುತ್ತದೆ. ವಿಮಾನ ಕಂಪನಿಗಳು ತಪ್ಪದೆ ಬರೆಯುತ್ತವೆ. ಕರಾವಳಿಯ ಪ್ರಯಾಣಿಕರ ಸಂಘಗಳು, ವಾಣಿಜ್ಯ ಮಂಡಳಿಗಳು ಆಗಲೇ ಬರೆಯಬೇಕು. ಬರೆಯುವಾಗ 'ಜಾಸ್ತಿಯಾಯಿತು' ಅಂದರೆ ಸಾಲದು. ಯಾವ ಕಾಮಗಾರಿಯ ವೆಚ್ಚ ಈ ಐದು ವರ್ಷಕ್ಕೆ ಬೇಡ, ಪ್ರಯಾಣಿಕರ ಸಂಖ್ಯೆಯ ಅಂದಾಜು ಎಲ್ಲಿ ಕಡಿಮೆ ಹಿಡಿದಿದ್ದಾರೆ ಅಂತ ಪುಟ ಸಂಖ್ಯೆ ಸಮೇತ ಹೇಳಬೇಕು.

ತೆರಿಗೆ_ತಖ್ತೆ

ವ್ಯಾಪಾರದ ಪ್ರಯಾಣ ಆಗಿದ್ದರೆ ಬುಕ್ ಮಾಡುವ ಮೊದಲೇ ಜಿಎಸ್‌ಟಿಐಎನ್ (ನಿಮ್ಮ ಜಿಎಸ್‌ಟಿ ನೋಂದಣಿ ನಂಬರ್) ಹಾಕಿ, ಆಮೇಲೆ ಸೇರಿಸುವುದು ಕಷ್ಟ. ಇ-ಟಿಕೆಟ್ ಇನ್‌ವಾಯ್ಸ್ ಅಲ್ಲ, ಕಂಪನಿಯ ಸೈಟಿನಿಂದ ಬೇರೆಯಾಗಿ ಇಳಿಸಿಕೊಳ್ಳಬೇಕು. ಏಜೆಂಟರು ತಮ್ಮ ನಂಬರ್ ಹಾಕಿದ್ದರೆ ಕ್ರೆಡಿಟ್ ಹೋಯಿತೆಂದೇ ಲೆಕ್ಕ. ಯುಡಿಎಫ್ ಮೇಲಿನ 18% ಕೂಡ ನೋಂದಾಯಿತ ಪ್ರಯಾಣಿಕರಿಗೆ ಕ್ರೆಡಿಟ್ ಸಿಗುತ್ತದೆ, 2019ರ ಅಕ್ಟೋಬರ್ 11ರ ಸುತ್ತೋಲೆ 115 ನೋಡಿ. ಬಹಳ ಲೆಕ್ಕಿಗರು 5% ಮಾತ್ರ ತೆಗೆದುಕೊಂಡು ಇದನ್ನು ಬಿಡುತ್ತಾರೆ.

ಇನ್ನೊಂದು, ಲಂಡನ್ ಟಿಕೆಟ್ ಜೊತೆ ಹೋಟೆಲನ್ನೂ ಒಂದೇ ಪ್ಯಾಕೇಜ್ ಆಗಿ ಏಜೆಂಟರಿಂದ ಕೊಂಡರೆ ಟಿಸಿಎಸ್, ಅಂದರೆ ಮಾರುವವರು ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ, ಬೀಳುತ್ತದೆ. ಬರೀ ಟಿಕೆಟ್‌ಗೆ ಇಲ್ಲ. ಕಟ್ಟಿದ್ದರೆ ಆದಾಯ ತೆರಿಗೆ ಇಲಾಖೆಯ ತೆರಿಗೆ ಜಮಾ ಪಟ್ಟಿಯಲ್ಲಿ ನೋಡಿಕೊಂಡು ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಿ. ಪ್ಯಾನ್ ನಂಬರ್ ತಪ್ಪಾಗಿ ಕೊಟ್ಟಿದ್ದರೆ ಅದು ಅಲ್ಲಿ ಕಾಣುವುದಿಲ್ಲ.