ಸಹಾಯ ಬೇಕು: ಹೊಸ ಹಾಸ್ಪಿಟಲಿಸ್ಟ್‌ಗಳನ್ನು ಬೆಳೆಸುವುದು ಹೇಗೆ?

ವೈದ್ಯ ಮಿತ್ರರಿಗೆ ನಮಸ್ಕಾರ. ನಾನು ಅಮೆರಿಕದ ಒಂದು ಬೋಧನಾ ಆಸ್ಪತ್ರೆಯಲ್ಲಿ ಹಾಸ್ಪಿಟಲಿಸ್ಟ್, ಅಂದರೆ ಒಳರೋಗಿಗಳನ್ನಷ್ಟೇ ನೋಡಿಕೊಳ್ಳುವ ವೈದ್ಯ. (1996ರಲ್ಲಿ ಅಮೆರಿಕದ ವೈದ್ಯರಾದ ವಾಕ್ಟರ್ ಮತ್ತು ಗೋಲ್ಡ್‌ಮನ್ ಈ ಹೆಸರನ್ನು ಚಲಾವಣೆಗೆ ತಂದರು. ಊರಿನಲ್ಲಿರುವ ಅಮ್ಮನಿಗೆ ಇನ್ನೂ ಅರ್ಥ ಮಾಡಿಸಲಾಗಿಲ್ಲ.) ಮೂರು ವರ್ಷದ ರೆಸಿಡೆನ್ಸಿ (ವೈದ್ಯ ಪದವಿಯ ನಂತರದ ಆಸ್ಪತ್ರೆ ತರಬೇತಿ) ಮುಗಿಸಿದ ನಾಲ್ವರು ಬೇಸಿಗೆಯಲ್ಲಿ ನಮ್ಮ ವಿಭಾಗ ಸೇರುತ್ತಿದ್ದಾರೆ. ಅವರನ್ನು ತಯಾರು ಮಾಡುವ ಹೊಣೆ ನನ್ನ ಹೆಗಲಿಗೆ ಬಿದ್ದಿದೆ.

ರೋಗಿಯನ್ನು ನೋಡುವುದರಲ್ಲಿ ಅವರು ಚುರುಕು. ಆದರೆ ರೌಂಡ್ಸ್ ಹೊತ್ತಿನಲ್ಲಿ ಹಾಸಿಗೆಯ ಪಕ್ಕ ನಿಂತು ಪಾಠ ಹೇಳುವುದು, ಕಿರಿಯರ ತಪ್ಪನ್ನು ಅವರ ಮುಖ ಬಾಡದಂತೆ ತಿದ್ದುವುದು, ಗುಣಮಟ್ಟ ಸುಧಾರಣೆಯ ಸಣ್ಣ ಪ್ರಯತ್ನವನ್ನು ಪ್ರಬಂಧವಾಗಿಸುವುದು, ಇವನ್ನು ಅವರಿಗೆ ಯಾರೂ ಸರಿಯಾಗಿ ಕಲಿಸಿಲ್ಲ. ಬಡ್ತಿಯ ಸಮಯದಲ್ಲಿ ಕೇಳುವುದು ಇವನ್ನೇ! ಏಳು ದಿನ ಕೆಲಸ, ಏಳು ದಿನ ಬಿಡುವು ಎಂಬ ಪಾಳಿ ಬೇರೆ. ಕೆಲಸದ ವಾರ ಉಸಿರಾಡಲು ಪುರುಸೊತ್ತಿಲ್ಲ, ಬಿಡುವಿನ ವಾರ ಕರೆಯುವುದು ನ್ಯಾಯವಲ್ಲ. ಕಳೆದ ವರ್ಷ ಹೊಸಬರನ್ನು ಹಿರಿಯರೊಂದಿಗೆ ಜೋಡಿಸಿದೆವು. ಎರಡು ಭೇಟಿಗೇ ನಿಂತುಹೋಯಿತು.

ಇಂಥ ಕಾರ್ಯಕ್ರಮ ನಡೆಸಿದವರು ದಯವಿಟ್ಟು ತಿಳಿಸಿ: ಮೊದಲ ತಿಂಗಳುಗಳಲ್ಲಿ ರೋಗಿಗಳ ಸಂಖ್ಯೆ ಕಡಿಮೆ ಮಾಡಿದಿರಾ? ಹಿರಿಯರು ಪಕ್ಕದಲ್ಲಿ ನಿಂತು ಬೋಧನೆಯನ್ನು ಗಮನಿಸುವ ಕ್ರಮ ಫಲ ಕೊಟ್ಟಿತೆ? ಬೋಧನಾ ಆಸ್ಪತ್ರೆಗಳ ಹಾಸ್ಪಿಟಲಿಸ್ಟ್‌ಗಳಿಗಾಗಿ ನಡೆಯುವ ‘ಅಕಾಡೆಮಿಕ್ ಹಾಸ್ಪಿಟಲಿಸ್ಟ್ ಅಕಾಡೆಮಿ’ ತರಬೇತಿಗೆ ಹೋಗಿ ಬಂದವರ ಅನುಭವವೂ ಬೇಕು. ಮಾದರಿ ವೇಳಾಪಟ್ಟಿ ಇದ್ದರೆ ಇಲ್ಲೇ ಹಂಚಿಕೊಳ್ಳಿ.