ಡಂಪರ್ ಓಡಾಟದ ಸಿಮ್ಯುಲೇಶನ್‌ಗೆ ಯಾವ ಭಾಷೆ ಹಿಡಿಯಲಿ?

ಪ್ರಶ್ನೆ
ಸಂಡೂರು ಕಡೆ ಒಂದು ಕಬ್ಬಿಣದ ಅದಿರು ಗಣಿಯಲ್ಲಿ ಪ್ಲಾನಿಂಗ್ ಕೆಲಸ ನನ್ನದು. ಅದಿರು ತುಂಬುವ ಶವೆಲ್ ಯಂತ್ರ ಒಂದು, ಅದಿರು ಪುಡಿ ಮಾಡುವ ಕ್ರಷರ್ ಒಂದು, ಆರು ಡಂಪರ್. ಲೋಡ್ ಆಗಲು 4 ನಿಮಿಷ, ಒಂದು ಸುತ್ತು ಮುಗಿಸಲು ಒಟ್ಟು 24 ನಿಮಿಷ. ಲೆಕ್ಕದ ಪ್ರಕಾರ ಆರು ಡಂಪರ್ ಸರಿಯಾಗಿ ಸಾಕು. ಆದರೆ ಪಿಟ್‌ಗೆ ಹೋಗಿ ನೋಡಿದರೆ ಒಮ್ಮೆ ಮೂರು ಡಂಪರ್ ಸಾಲಾಗಿ ಕಾಯುತ್ತಿರುತ್ತವೆ, ಇನ್ನೊಮ್ಮೆ ಶವೆಲ್ ಆಪರೇಟರ್ ಸುಮ್ನೆ ಕೂತಿರುತ್ತಾರೆ. ಏಳನೆಯದು ಬೇಕಾ ಅಂತ ಸಿಮ್ಯುಲೇಶನ್ ಮಾಡಿ, ಅಂದರೆ ಈ ಓಡಾಟವನ್ನು ಕಂಪ್ಯೂಟರ್‌ನಲ್ಲೇ ಅನುಕರಿಸಿ, ತೋರಿಸಬೇಕು. ಕಾಲೇಜಿನ ಸಿ ಪ್ಲಸ್ ಪ್ಲಸ್ ಅರ್ಧ ಮರೆತಿದೆ. ಮೇಲಿನವರು ಎಕ್ಸೆಲ್ ಸಾಕು ಎನ್ನುತ್ತಾರೆ.

ಉತ್ತರ 1
ಪೈಥಾನ್, ಅದರಲ್ಲಿ ಸಿಮ್ಯುಲೇಶನ್‌ಗೆಂದೇ ಇರುವ ಸಿಮ್‌ಪೈ ಲೈಬ್ರರಿ. ನಿಮ್ಮ ಎಕ್ಸೆಲ್ ಲೆಕ್ಕ ಬರೀ ಸರಾಸರಿಯದು, ಅಲ್ವಾ? ಸರಾಸರಿ 4 ಅಂದರೆ ಒಮ್ಮೆ 3, ಒಮ್ಮೆ 6, ದೊಡ್ಡ ಬಂಡೆ ಸಿಕ್ಕಿದರೆ ಇನ್ನೂ ಜಾಸ್ತಿ, ಶವೆಲ್ ಖಾಲಿ ಕೂತ ನಿಮಿಷವಂತೂ ಮತ್ತೆ ವಾಪಸ್ ಬರುವುದಿಲ್ಲ. ಸಿಮ್‌ಪೈನಲ್ಲಿ ಶವೆಲ್ ಒಂದು ರಿಸೋರ್ಸ್ (ಸರದಿಯಲ್ಲಿ ಬಳಸುವ ಸೌಲಭ್ಯ), ಪ್ರತಿ ಡಂಪರ್ ಒಂದು ಪ್ರೊಸೆಸ್ (ಹಂತ ಹಂತದ ಕೆಲಸ): ಶವೆಲ್ ಕೇಳು, ಕಾಯಿ, ತುಂಬಿಸಿಕೋ, ಬಿಡು, ಹೋಗಿ ಸುರಿ, ವಾಪಸ್ ಬಾ. ಪೈಥಾನ್ ನಿಧಾನ ಅನ್ನುವವರ ಮಾತು ಇಲ್ಲಿ ಬೇಡ. 8 ಗಂಟೆ ಶಿಫ್ಟ್‌ಗೆ ಆರು ಡಂಪರ್ ಸೇರಿ ಹೆಚ್ಚೆಂದರೆ 120 ಟ್ರಿಪ್, ಸಾವಿರ ಶಿಫ್ಟ್ ಓಡಿಸಿದರೂ ಟೀ ಆರುವುದರೊಳಗೆ ಮುಗಿಯುತ್ತದೆ. ಒಂದೇ ಸಲ ಓಡಿಸಿ ಉತ್ತರ ಹೇಳಬೇಡಿ, ಅಷ್ಟೇ.

ಉತ್ತರ 2
ನಾನು ಹಳೇ ಕಾಲದವನು, ಜಿಪಿಎಸ್‌ಎಸ್‌ನಲ್ಲಿ ಕಲಿತವನು. 1960ರ ದಶಕದಲ್ಲಿ ಐಬಿಎಂನಿಂದ ಬಂದ ಸಿಮ್ಯುಲೇಶನ್ ಭಾಷೆ ಅದು. ಸೀಜ್ (ಹಿಡಿ), ಅಡ್ವಾನ್ಸ್ (ಸಮಯ ಕಳೆ), ರಿಲೀಸ್ (ಬಿಡು) ಅಂತ ಮೂರು ಬ್ಲಾಕ್ ಬರೆದರೆ ಶವೆಲ್ ಕಥೆ ಮುಗಿಯಿತು. ಈ ಕೆಲಸಕ್ಕೆ ಇವತ್ತಿಗೂ ನನಗೆ ಅದೇ ಇಷ್ಟ. ಆದರೆ ನೀವು ವರ್ಗವಾಗಿ ಹೋದ ಮೇಲೆ ಅದನ್ನು ಓದುವವರು ಸಿಗಬೇಕಲ್ಲ, ಹಾಗಾಗಿ ಪೈಥಾನ್ ಸರಿ.

ಎರಡು ಮಾತು. ಏರಿನಲ್ಲಿ ಓವರ್‌ಟೇಕ್ ಇಲ್ಲ. ಮುಂದಿನ ಡಂಪರ್ ನಿಧಾನವಾದರೆ ಹಿಂದಿನವೆಲ್ಲ ಅದರ ಬಾಲ ಹಿಡಿಯುತ್ತವೆ, ನೀವು ನೋಡಿದ ಮೂರರ ಸಾಲು ಹಾಗೆ ಆಗಿರಬಹುದು. ಸಿಮ್‌ಪೈ ಇದನ್ನು ತಾನಾಗಿ ನೋಡಿಕೊಳ್ಳುವುದಿಲ್ಲ, ಮುಂದಿನದಕ್ಕಿಂತ ಮೊದಲು ಹಿಂದಿನದು ತಲುಪಬಾರದು ಎಂದು ನೀವೇ ಬರೆಯಬೇಕು. ಇನ್ನೊಂದು, ಆ 24 ನಿಮಿಷ ಎಲ್ಲಿಂದ ಬಂತು? ಲಾಗ್‌ಶೀಟಿನದಾದರೆ ಕಾದ ಸಮಯವೂ ಅದರಲ್ಲೇ ಸೇರಿರುತ್ತದೆ, ಅದನ್ನೇ ಮಾಡೆಲ್‌ಗೆ ಹಾಕಿದರೆ ಡಂಪರ್ ಎರಡೆರಡು ಸಲ ಕಾಯುತ್ತದೆ.

ಪ್ರಶ್ನೆ ಕೇಳಿದವರು
ಅಯ್ಯೋ, ಲಾಗ್‌ಶೀಟಿನದೇ ಸಾರ್. ಪೈಥಾನ್ ಹಾಕಿಕೊಂಡಾಯಿತು. ನಾಳೆ ಫಸ್ಟ್ ಶಿಫ್ಟ್‌ಗೆ ಸ್ಟಾಪ್‌ವಾಚ್ ಹಿಡಿದು ಶವೆಲ್ ಹತ್ತಿರ ನಿಲ್ಲುತ್ತೇನೆ.