‘ಆರ್ಟ್ಸ್’, ‘ವೆಲ್‌ಬೀಯಿಂಗ್’: ಹಳ್ಳಿಯಲ್ಲಿ ಕೇಳುವ ಪ್ರಶ್ನೆಗೆ ಯಾವ ಮಾತು ಸರಿ?

ಎಲ್ಲರಿಗೂ ನಮಸ್ಕಾರ.

ಚಿಂತಾಮಣಿ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ವಯಸ್ಸಾದವರನ್ನು ಮಾತಾಡಿಸಲು ಒಂದು ಪ್ರಶ್ನಾವಳಿ ಮಾಡುತ್ತಿದ್ದೇವೆ. ಹಾಡು, ಕುಣಿತ, ನಾಟಕ ಇವಕ್ಕೂ ಆರೋಗ್ಯಕ್ಕೂ ಏನು ನಂಟು ಅನ್ನುವುದು ವಿಷಯ. ಮೂಲ ಪ್ರಶ್ನೆಗಳು ಇಂಗ್ಲಿಷಿನಲ್ಲಿವೆ, ಕನ್ನಡಕ್ಕೆ ತರುವ ಕೆಲಸ ನನ್ನದು. ಕೆಲವು ಮಾತುಗಳಿಗೆ ನಿಮ್ಮ ಸಹಾಯ ಬೇಕು.

ಮೊದಲನೆಯದು ‘ಆರ್ಟ್ಸ್’. ಕರಡಿನಲ್ಲಿ ‘ನಿಮ್ಮಲ್ಲಿ ಯಾವುದಾದರೂ ಕಲೆ ಇದೆಯೇ?’ ಅಂತಿತ್ತು. ಆಶಾ ಕಾರ್ಯಕರ್ತೆ ಬಿಪಿ ನೋಡಿ ಮುಗಿಸಿದ ಮೇಲೆ ಒಬ್ಬ ಅಜ್ಜಿಯನ್ನು ಇದನ್ನೇ ಕೇಳಿದೆವು. ಅಜ್ಜಿ ಸೆರಗು ಸರಿಸಿ ಮೊಣಕೈ ತೋರಿಸಿದರು. ‘ಇದೊಂದೇ ಕಣಮ್ಮ, ಮುದ್ದೆ ಮಾಡುವಾಗ ಸುಟ್ಟಿದ್ದು’ ಅಂದರು. ಅವರು ಹೇಳಿದ್ದು ಸರಿಯಾಗೇ ಇತ್ತು. ಆಡುಮಾತಿನಲ್ಲಿ ಕಲೆ ಅಂದರೆ ಗಾಯದ ಗುರುತು, ಬಟ್ಟೆಗೆ ಹತ್ತಿದ ಕರೆ. ಆಸ್ಪತ್ರೆ ಕಡೆಯವರು ಕೇಳಿದರೆ ಇನ್ನೇನು ನೆನಪಾಗುತ್ತೆ?

‘ಕಲಾ ಚಟುವಟಿಕೆ’ ಅಂತ ತಿದ್ದಿದರೂ ಕಷ್ಟ ತಪ್ಪಲಿಲ್ಲ. ಎಲ್ಲರೂ ‘ನಮಗೆಲ್ಲಿ ಬರುತ್ತೆ ಅದೆಲ್ಲ’ ಅನ್ನುತ್ತಾರೆ. ಕಲಾವಿದರು ಅಂದರೆ ವೇದಿಕೆ ಹತ್ತಿದವರು, ಹಾರ ಹಾಕಿಸಿಕೊಂಡವರು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯದೇ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆ ವಾದನಕ್ಕೆ 2023ರಲ್ಲಿ ಪದ್ಮಶ್ರೀ ಬಂತಲ್ವಾ, ಅಂಥವರು. ಆದರೆ ಅದೇ ಅಜ್ಜಿ ಊರಿನ ಮದುವೆಗಳಲ್ಲಿ ಸೋಬಾನೆ ಎತ್ತಿಕೊಡುವವರು. ದಿನಾ ಬೆಳಿಗ್ಗೆ ರಂಗೋಲಿ ಹಾಕುತ್ತಾರೆ. ಕೈವಾರ ತಾತಯ್ಯನವರ ಪದಗಳನ್ನು ತೆಲುಗಿನಲ್ಲೂ ಕನ್ನಡದಲ್ಲೂ ಹೇಳುತ್ತಾರೆ. ನಮ್ಮ ಕಾಗದದಲ್ಲಿ ಮಾತ್ರ ಅವರ ಮುಂದೆ ‘ಇಲ್ಲ’ ಅಂತ ಬೀಳುತ್ತೆ. ಇದು ನನಗೆ ತುಂಬಾ ಬೇಜಾರಿನ ವಿಷಯ.

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ ಒಂದು ವರದಿ ತಂದಿತು. 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ ಅದು. ಅಲ್ಲಿ ‘ಆರ್ಟ್ಸ್’ ಅಂದರೆ ಹಾಡು ಕುಣಿತದ ಜೊತೆಗೆ ಕೈಕಸುಬು, ಓದು ಬರಹ, ನಾಟಕಕ್ಕೆ ಹೋಗಿಬರುವುದು ಎಲ್ಲವೂ ಸೇರಿದೆ. ಅಷ್ಟನ್ನೂ ಹೊರುವ ಒಂದೇ ನಾಮಪದ ಆಡುಮಾತಿನಲ್ಲಿ ನನಗೆ ಸಿಕ್ಕಿಲ್ಲ. ಅದಕ್ಕೇ ಕ್ರಿಯಾಪದದಲ್ಲಿ ಕೇಳೋಣ ಅನ್ನುವುದು ನನ್ನ ವಾದ: ಹಾಡು ಹೇಳ್ತೀರಾ? ಭಜನೆಗೆ ಕೂರ್ತೀರಾ? ಕೋಲಾಟ ಆಡ್ತಿದ್ರಾ? ಬುಟ್ಟಿ ಹೆಣೀತೀರಾ? ಜಾತ್ರೇಲಿ ನಾಟಕ ನೋಡೋಕೆ ಹೋಗ್ತೀರಾ? ಜೊತೆಯವರು ಪ್ರಶ್ನೆ ಉದ್ದವಾಯಿತು ಅನ್ನುತ್ತಾರೆ. ಆಗಲಿ ಬಿಡಿ.

ಎರಡನೆಯದು, ತಾವೇ ಮಾಡುವುದು ಮತ್ತು ನೋಡಿ ಕೇಳಿ ಬರುವುದು, ಇವೆರಡನ್ನು ಬೇರೆ ಮಾಡಿ ಹೇಳುವ ಮಾತು. ಇಂಗ್ಲೆಂಡಿನಲ್ಲಿ 50 ದಾಟಿದ 6710 ಜನರನ್ನು 14 ವರ್ಷದವರೆಗೆ ಗಮನಿಸಿದ ಅಧ್ಯಯನವೊಂದು 2019ರಲ್ಲಿ ಬಿಎಂಜೆ ಅನ್ನುವ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮ್ಯೂಸಿಯಂ, ಚಿತ್ರಪ್ರದರ್ಶನ, ನಾಟಕ, ಸಂಗೀತ ಕಚೇರಿ ಇಂಥವಕ್ಕೆ ಕೆಲವು ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದವರಲ್ಲಿ, ಹೋಗದೇ ಇದ್ದವರಿಗಿಂತ ಸಾವಿನ ಅಪಾಯ ಶೇ. 31ರಷ್ಟು ಕಡಿಮೆ ಕಂಡಿತು. ಅಲ್ಲಿ ಲೆಕ್ಕಕ್ಕೆ ಹಿಡಿದದ್ದು ಹೋಗಿಬರುವುದನ್ನು ಮಾತ್ರ. ನಾವು ‘ಪಾಲ್ಗೊಳ್ಳುವಿಕೆ’ ಅಂತ ಬರೆದರೆ ಈ ಭೇದ ಅಳಿಸಿಹೋಗುತ್ತದೆ. ಇನ್ನೊಂದು ಮಾತು. ‘ಕಡಿಮೆ ಕಂಡಿತು’ ಅಂದಿದ್ದೇನೆ, ‘ಕಡಿಮೆ ಮಾಡಿತು’ ಅಂದಿಲ್ಲ. ದುಡ್ಡು, ಓದು, ಮೊದಲಿದ್ದ ಕಾಯಿಲೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಉಳಿದ ನಂಟು ಅದು, ಅಷ್ಟೇ. ‘ಪರಿಣಾಮ ಬೀರುತ್ತದೆ’ ಅನ್ನುವುದನ್ನು ನಾವು ಎಲ್ಲ ಕಡೆ ಸುಮ್ನೆ ಬಳಸಿಬಿಡುತ್ತೇವೆ. ಇಂಥ ಕಡೆ ‘ನಂಟು’ ಸಾಕು ಅನ್ನಿಸುತ್ತದೆ.

ಮೂರನೆಯದು ‘ವೆಲ್‌ಬೀಯಿಂಗ್’. ಆರೋಗ್ಯ ಅಂದರೆ ಬರೀ ಕಾಯಿಲೆ ಇಲ್ಲದಿರುವುದಲ್ಲ, ಮೈ, ಮನಸ್ಸು, ನಾಲ್ಕು ಜನರ ಜೊತೆಗಿನ ಬದುಕು ಮೂರೂ ಚೆನ್ನಾಗಿರುವುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನದಲ್ಲೇ ಇದೆ. ‘ನೆಮ್ಮದಿ’ ಮನಸ್ಸಿನ ಕಡೆ ವಾಲುತ್ತದೆ. ‘ಕಲ್ಯಾಣ’ ಅಂದರೆ ಇಲ್ಲಿ ಮದುವೆ ಮಂಟಪ. ‘ಕ್ಷೇಮ’ ಚೆನ್ನಾಗಿದೆ, ಆದರೆ ಕಾಗದ ಬರೆಯುವಾಗಿನ ಮಾತಾಗಿ ಉಳಿದಿದೆ. ‘ಸೌಖ್ಯ’ ಕರಾವಳಿಯವರ ಬಾಯಲ್ಲಿ ಸಲೀಸು, ನಮ್ಮ ಕಡೆ ಅಷ್ಟಿಲ್ಲ. ಸದ್ಯಕ್ಕೆ ಶೀರ್ಷಿಕೆಯಲ್ಲಿ ‘ಕ್ಷೇಮ’ ಇಟ್ಟು, ಒಳಗೆ ‘ಈಚೆಗೆ ಹೇಗಿದ್ದೀರಿ? ನಿದ್ದೆ ಬರುತ್ತಾ? ಯಾರ ಜೊತೆ ಮಾತಾಡ್ತೀರಾ?’ ಅಂತ ಬಿಡಿಸಿ ಕೇಳಿದ್ದೇವೆ.

ಕೋಲಾರ, ತುಮಕೂರಿನ ಕಡೆಯವರು ದಯವಿಟ್ಟು ಹೇಳಿ. ಹಾಡು, ಹಸೆ, ಹೆಣಿಗೆ, ಆಟ ಎಲ್ಲಕ್ಕೂ ಸೇರಿಸಿ ನಿಮ್ಮ ಮನೆಯ ಹಿರಿಯರು ಯಾವುದಾದರೂ ಒಂದು ಮಾತು ಬಳಸುತ್ತಾರಾ? ಮನೆಯಲ್ಲಿ ತೆಲುಗು ಆಡುವವರು ಆ ಮಾತನ್ನೂ ತಿಳಿಸಿ. ಎರಡೂ ಭಾಷೆಯಲ್ಲಿ ಪ್ರಶ್ನೆ ಕೇಳಬೇಕಾಗಿದೆ.